ಒಂದನೇ ತರಗತಿಯ ಕಾಶವ್ವ

"ಈ ಸಲ ತಾಲೂಕಿಗೆ ಮೊದಲನೇ ನಂಬರ ನಮ್ಮ ಸಾಲೀದು. ಬರದ ಇಟ್ಕೋ!"

ಅವಲಕ್ಕಿಯ ತಟ್ಟೆಯ ಮುಂದೆ ಕುಳಿತು ಬಾಳಕೃಷ್ಣ ಮಾಸ್ತರರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಸುಹಾಸಿನಿ ಏನನ್ನೂ ಬರೆದಿಟ್ಟುಕೊಳ್ಳಲಿಲ್ಲ. ಉದ್ಯಮಬಾಗದ ಕಾರಖಾನೆಯೊಂದರ ಆಫೀಸಿನಲ್ಲಿ ದಿನವಿಡೀ ಬರೆಯುವುದೇ ಅವಳ ಕೆಲಸ. ಮನೆಯಲ್ಲಿ ಗಂಡನ ಪ್ರತಿಜ್ಞೆಗಳನ್ನೂ ಬರೆದಿಡಲು ಹೊರಟರೆ ಬೇರೆ ಕಪಾಟೇ ಬೇಕಾದೀತು. ಹೋದ ವರ್ಷದ ಪ್ರತಿಜ್ಞೆ ಬೆಳಗಿನ ಐದು ಗಂಟೆಯ ಯೋಗ. ಅದರ ಹಿಂದಿನದು ಮಾಳಿಗೆಯ ಮೇಲಿನ ಕಾಯಿಪಲ್ಲೆ ತೋಟ. ಆ ತೋಟದಲ್ಲಿ ಒಂದು ಕುಂಡ ಮಾತ್ರ ಉಳಿದಿದ್ದು, ಅದರಲ್ಲಿ ಈಗ ಕಸಬರಿಗೆ ನಿಲ್ಲಿಸುತ್ತಾರೆ.

ಆದರೆ ಈ ಸಲದ ಹುರುಪೇ ಬೇರೆ. ಮಾಸ್ತರರು ದಿನಾಲೂ ಬೆಳಗಾವಿಯಿಂದ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ, ಅಲ್ಲಿಯ ಸರಕಾರಿ ಕನ್ನಡ ಶಾಲೆಯೊಂದರಲ್ಲಿ ಒಂದನೇ ತರಗತಿಗೆ ಕಲಿಸುವವರು. ಹನ್ನೊಂದು ವರ್ಷದಿಂದ ಅದೇ ಬಸ್ಸು, ಅದೇ ಶಾಲೆ. ಈ ತಿಂಗಳು ತಾಲೂಕಿನ ಶಾಲೆಗಳಿಗೆಲ್ಲ ಓದಿನ ಸ್ಪರ್ಧೆ ಏರ್ಪಟ್ಟಿತ್ತು. ಅದಕ್ಕೊಂದು ಆ್ಯಪ್, ಹೆಸರು 'ಅಕ್ಷರಗಿಳಿ'. ಮಕ್ಕಳು ಸಂಜೆ ಅಪ್ಪ-ಅವ್ವಂದಿರ ಮೊಬೈಲಿನಲ್ಲಿ ಅದನ್ನು ತೆರೆದು, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಬೇಕು. ಒಳಗೆ ಕುಳಿತ ಹಸಿರು ಗಿಳಿ ಕೇಳಿಸಿಕೊಳ್ಳುತ್ತದೆ. ಸರಿಯಿದ್ದರೆ ರೆಕ್ಕೆ ಬಡಿದು ನಕ್ಷತ್ರ ಕೊಡುತ್ತದೆ. ತಪ್ಪಿದರೆ ಬೆಲ್ಲದಂಥ ದನಿಯಲ್ಲಿ, "ಪರವಾಗಿಲ್ಲ, ಇನ್ನೊಮ್ಮೆ ಪ್ರಯತ್ನಿಸೋಣ" ಎನ್ನುತ್ತದೆ. ಹೆಚ್ಚು ನಕ್ಷತ್ರ ಗಳಿಸಿದ ಶಾಲೆಗೆ ಮೊದಲ ಸ್ಥಾನ.

ಮಕ್ಕಳಿಗೆ ಹೇಳಿಕೊಡುವ ಮುನ್ನ ತಾವೊಮ್ಮೆ ನೋಡೋಣವೆಂದು ಮಾಸ್ತರರು ಮನೆಯ ಟ್ಯಾಬ್ ತೆರೆದರು. ಆ್ಯಪ್ ವಿದ್ಯಾರ್ಥಿಯ ಹೆಸರು ಕೇಳಿತು. ಎದುರಿಗೆ ಅವರ ತಾಯಿ ಕಾಶವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. 'ಕಾಶವ್ವ' ಎಂದು ಹಾಕಿದರು. ವಯಸ್ಸು ಕೇಳಿತು. ಅರವತ್ತಾರು ಹಾಕಿದರೆ ಒಪ್ಪಲಿಲ್ಲ. ಒಂದು ಆರು ಅಳಿಸಿದರು, ಒಪ್ಪಿತು. ಒಂದನೇ ತರಗತಿ, ಶಾಲೆಯ ಹೆಸರು, ಮುಗಿಯಿತು. ಆಮೇಲೆ ಬಾಯ್ತುಂಬ ಅವಲಕ್ಕಿ ಇಟ್ಟುಕೊಂಡೇ ಮೊದಲನೇ ಪಾಠ ಓದಿದರು.

"ಪರವಾಗಿಲ್ಲ, ಇನ್ನೊಮ್ಮೆ ಪ್ರಯತ್ನಿಸೋಣ" ಎಂದಿತು ಗಿಳಿ.

"ಇದರ ಹಣೇಬರಹ! ಇಪ್ಪತ್ತೆರಡ ವರ್ಷ ಆತು ಮಾಸ್ತರಕಿ ಮಾಡಾಕತ್ತು. ನನಗ ಕಲಿಸ್ತೈತಿ ಇದು" ಎಂದು ಮಾಸ್ತರರು ಟ್ಯಾಬನ್ನು ಟಿವಿಯ ಬಾಜೂಕಿಟ್ಟು ಬಸ್ಸಿಗೆ ಓಡಿದರು. ಹಾಕಿದ ಹೆಸರನ್ನು ಅಳಿಸಲು ಮರೆತರು.

ಈಗ ಕಾಶವ್ವನ ವಿಷಯ ಹೇಳಬೇಕು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಮಗಳು ರಸಿಕಾಳ ಮನೆ ಇರುವುದು ಖಾನಾಪುರದಲ್ಲಿ. ಹೋದ ತಿಂಗಳು ಅವಳನ್ನು ನೋಡಲೆಂದು ಕಾಶವ್ವ ಒಬ್ಬಳೇ ಬಸ್ ಸ್ಟ್ಯಾಂಡಿಗೆ ಹೋಗಿ ಯಾರನ್ನೋ ಕೇಳಿ ಬಸ್ಸು ಹತ್ತಿದ್ದಳು. ಇಳಿದದ್ದು ಬೈಲಹೊಂಗಲದಲ್ಲಿ. ಅಂದೇ ಮಾಸ್ತರರು ಆಜ್ಞೆ ಹೊರಡಿಸಿದ್ದರು: "ಇನ್ನ ಮ್ಯಾಲ ಒಬ್ಬಾಕೀನ ಬಸ್ ಹತ್ತಬ್ಯಾಡವ್ವಾ. ನಾನೇ ಕರ್ಕೊಂಡ ಹೋಗ್ತೀನಿ."

ದಿನಾಲೂ ಖಾನಾಪುರಕ್ಕೆ ಹೋಗುವ ಮಗನಿಗೆ ತಾಯಿಯನ್ನು ಕರೆದೊಯ್ಯುವ ದಿನ ಮಾತ್ರ ಬರಲಿಲ್ಲ. ಸೋಮವಾರ ಗದ್ದಲ, ಬುಧವಾರ ಮೀಟಿಂಗು, ಶನಿವಾರ ಬೆಳಗಿನ ಶಾಲೆಯ ಅವಸರ. ಕಾಶವ್ವ ಮತ್ತೆ ಕೇಳಲಿಲ್ಲ. ಕೇಳದೆ ಇರುವುದನ್ನು ಮಾಸ್ತರರು ಸಮಾಧಾನವೆಂದು ತಿಳಿದುಕೊಂಡರು.

ಮೂರು ವಾರ ಕಳೆಯಿತು. ಮನೆಯ ಟ್ಯಾಬಿನಲ್ಲಿ ಸಂಜೆ ಯಾವಾಗ ನೋಡಿದರೂ ಚಾರ್ಜ್ ಇರುತ್ತಿರಲಿಲ್ಲ. "ಅವ್ವಾ ಧಾರಾವಾಹಿ ನೋಡ್ತಾಳೇನೋ" ಎಂದು ಮಾಸ್ತರರು ಅಂದುಕೊಂಡರು. ಅವರ ಲಕ್ಷ್ಯವೆಲ್ಲ ಗುರುವಾರ ಬರಲಿದ್ದ ಪಟ್ಟಿಯ ಮೇಲೆ.

ಪಟ್ಟಿ ಬಂತು. ಅವರ ಶಾಲೆ ತಾಲೂಕಿಗೇ ಮೊದಲು.

ಮಾಸ್ತರರು ನೆಲದ ಮೇಲೆ ನಿಲ್ಲಲಿಲ್ಲ. ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ 'ನನ್ನ ವಿಶೇಷ ಬೋಧನಾ ಪದ್ಧತಿ' ಎಂದು ಶುರುಮಾಡಿ ಉದ್ದಾನುದ್ದ ಬರೆದು ಹಾಕಿದರು. ಆ ಪದ್ಧತಿಯಲ್ಲಿ ಹನ್ನೆರಡು ಹಂತಗಳಿದ್ದವು. ಏಳನ್ನು ಅವರು ಬಸ್ಸಿನಲ್ಲಿ ಕುಳಿತೇ ಕಂಡುಹಿಡಿದಿದ್ದರು. ಹೆಬ್ಬೆಟ್ಟು, ಹೂಗುಚ್ಛಗಳ ಮಳೆಯೇ ಸುರಿಯಿತು. ಅದರ ನಡುವೆ ಶಿಕ್ಷಣಾಧಿಕಾರಿ ಬಸಲಿಂಗಪ್ಪ ಸಾಹೇಬರ ಫೋನು.

"ಶಾಬಾಸ್ ಮಾಸ್ತರ್ರ. ನಿಮ್ಮ ಸಾಲಿ ನಕ್ಷತ್ರದಾಗ ಅರ್ಧಕ್ಕ ಅರ್ಧ ಒಂದೇ ಹುಡುಗೀದ ಅದಾವು ನೋಡ್ರಿ. ಕಾಶವ್ವ ಅಂತ. ದಿನಕ್ಕ ಎರಡ ತಾಸು ಓದ್ಯಾಳ. ಶನಿವಾರ ಬರ್ತೀನಿ, ಆಕೀ ಓದೂದು ಕೇಳಬೇಕು. ಶಾಲು ತರ್ತೀನಿ."

ಮಾಸ್ತರರು ಹಾಜರಿ ಪುಸ್ತಕವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದರು. ಮುಸ್ಕಾನ ಇದ್ದಳು, ಮಯೂರ ಇದ್ದ, ಕಾಶವ್ವ ಇರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದರು. "ಆ ಆ್ಯಪಿಗೆ ತಲಿ ಕೆಟ್ಟೈತಿ. ಇಲ್ಲದ ಹುಡುಗೀನ ಹುಟ್ಟಿಸೈತಿ. ಕಾಶವ್ವ ಅಂತ."

ಸುಹಾಸಿನಿ ರೊಟ್ಟಿ ನೀಡುತ್ತ, "ಹೌದ್ರಿ? ನಮ್ಮ ಮನ್ಯಾಗೂ ಒಬ್ರು ಅದಾರಲ್ರಿ ಆ ಹೆಸರಿನವರು" ಎಂದಳು.

ಶುಕ್ರವಾರ ಮಾಸ್ತರರು ಮಧ್ಯಾಹ್ನವೇ ಮನೆಗೆ ಬಂದರು. ಒಳಗಿನ ಕೋಣೆಯಿಂದ ದನಿ ಕೇಳಿಸುತ್ತಿತ್ತು. "ಖಾ... ರಾ. ಖಾರಾ." ರೆಕ್ಕೆ ಬಡಿದ ಸಪ್ಪಳ. ಇಣುಕಿ ನೋಡಿದರೆ ಕಾಶವ್ವ ಟ್ಯಾಬನ್ನು ಅಕ್ಕಿ ಡಬ್ಬಿಗೆ ಆನಿಸಿ, ಮೂಗಿನ ತುದಿಗೆ ಚಾಳೀಸು ಏರಿಸಿ ಕುಳಿತಿದ್ದಳು.

"ಅವ್ವಾ, ಏನಿದು?"

"ಸುಮ್ಮನಿರು. ಗಿಳಿ ಕೇಳಾಕತ್ತೈತಿ."

"ನನಗ ಯಾಕ ಹೇಳಲಿಲ್ಲ?"

"ನೀ ಯಾವಾಗ ಕೇಳಿದಿ?" ಎಂದು ಕಾಶವ್ವ ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು. "ಇದನ್ನ ತೆರೆಯೂದು ಸುಹಾಸಿನಿ ತೋರಿಸಿಕೊಟ್ಲು. ಬಸ್ಸಿನ ಬೋರ್ಡ ನಾನೇ ಓದಬೇಕು. ಓದಿ ರಸಿಕಾನ ಮನಿಗೆ ಹೋಗಬೇಕು. ಅಷ್ಟ."

ಈಗ ಮಾಸ್ತರರಿಗೆ ಬಂದದ್ದು ಇಬ್ಬಂದಿ. ನಿಜ ಹೇಳಿದರೆ ಶಾಲೆಗೆ ಮೊದಲ ಸ್ಥಾನ ತಪ್ಪುತ್ತದೆ, ಹನ್ನೆರಡು ಹಂತದ ಪದ್ಧತಿ ಗ್ರೂಪಿನ ತುಂಬ ನಗೆಪಾಟಲಾಗುತ್ತದೆ. ರಾತ್ರಿಯೆಲ್ಲ ಹೊರಳಾಡಿ ಕೊನೆಗೊಂದು ಉಪಾಯ ತೆಗೆದರು.

"ಸಾಹೇಬರು ಇವತ್ತ ಆ ಕಾಶವ್ವನ ಓದು ಕೇಳಾಕ ಬರ್ತಾರ. ಹುಡುಗಿಗೆ ಜ್ವರ ಬಂದೈತಿ ಅಂತ ಹೇಳಿಬಿಡ್ತೀನಿ" ಎಂದರು ಬೆಳಿಗ್ಗೆ.

"ನನಗ ಜ್ವರ ಇಲ್ಲ" ಎಂದಳು ಕಾಶವ್ವ.

"ಹಂಗಲ್ಲವ್ವಾ..."

"ನನ್ನ ಓದು ಕೇಳಾಕ ಸಾಹೇಬರು ಬರಾಕತ್ತಾರ. ನಾ ಮನ್ಯಾಗ ಕುಂದರಲ್ಯಾ?"

ಮಾಸ್ತರರು ಎಂದಿಗಿಂತ ಒಂದು ಬಸ್ಸು ಮೊದಲೇ ಹೋಗಿಬಿಟ್ಟರು.

ಶಾಲೆಗೆ ಸಾಹೇಬರು ಬಂದರು. ಕೈಯಲ್ಲಿ ನಿಜವಾಗಿಯೂ ಶಾಲಿತ್ತು. "ಎಲ್ಲಿ ನಮ್ಮ ಕಾಶವ್ವ?" ಎಂದರು.

"ಏನ ಮಾಡೂದ್ರಿ ಸಾಹೇಬ್ರ, ಪಾಪ, ಕೂಸು. ನಿನ್ನೆಯಿಂದ ಮೈ ಸುಡಾಕತ್ತೈತಿ. ಎದ್ದ ಕುಂದರಾಕೂ ಆಗವಲ್ತು" ಎಂದು ಮಾಸ್ತರರು ಕಣ್ಣಂಚು ಒರೆಸಿಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ದನಿ ಕೇಳಿತು.

"ಒಳಗ ಬರ್ಲೇನ್ರಿ ಸರ?"

ಇಳಕಲ್ ಸೀರೆ, ಬಗಲಲ್ಲಿ ಅರಿವೆಯ ಚೀಲ, ಚೀಲದಿಂದ ಇಣುಕುವ ಟ್ಯಾಬು. ಕಾಶವ್ವ ನೇರವಾಗಿ ಹೋಗಿ ಮುಸ್ಕಾನಳ ಬಾಜೂಕೆ ಚಾಪೆಯ ಮೇಲೆ ಕುಳಿತಳು. ಮುಸ್ಕಾನ ಸರಿದು ಜಾಗ ಕೊಟ್ಟಳು.

"ಯಾರ ಅಜ್ಜಿ ನೀವು?" ಎಂದು ಕೇಳಿದರು ಸಾಹೇಬರು.

"ಕಾಶವ್ವರಿ. ಒಂದನೇತ್ತಾ."

ಸಾಹೇಬರು ಮಾಸ್ತರರ ಮುಖ ನೋಡಿದರು. ಮಾಸ್ತರರು ಕರಿಹಲಗೆಯ ಮುಖ ನೋಡಿದರು. "ಅವ್ವಾ, ನಿನ್ನ ಯಾರು ಬಸ್ ಹತ್ತಿಸಿದ್ರು?" ಎಂಬ ಮಾತು ಅವರ ಬಾಯಿಂದ ತಾನೇ ಹೊರಬಿತ್ತು. 'ಅವ್ವಾ' ಎಂದದ್ದು ಕೇಳಿ ಸಾಹೇಬರಿಗೆ ಎಲ್ಲ ತಿಳಿಯಿತು.

"ಸುಹಾಸಿನಿ ಸ್ಟ್ಯಾಂಡಿನ ತನಕ ಬಂದಿದ್ಲು. ಬೋರ್ಡ ಮಾತ್ರ ನಾನೇ ಓದಿದೆ. ನಾಕ ಬಸ್ ಬಿಟ್ಟೆ, ಐದನೇದು ನಮ್ಮದಿತ್ತು. ನಿಮ್ಮ ಸಾಲಿ ರಸಿಕಾನ ಮನಿ ಹಿಂದನ ಐತಲ್ಲ, ಅದಕ್ಕೇನ ಓದೂದು ಬೇಕಾಗ್ಲಿಲ್ಲ."

ಸಾಹೇಬರು ಪಾಠ ತೆರೆದುಕೊಟ್ಟರು. ಕಾಶವ್ವ ಬೆರಳಿಟ್ಟು ಓದಿದಳು. ಎರಡು ಕಡೆ ತಡವರಿಸಿದಳು, ಮುಸ್ಕಾನ ತುಟಿ ಅಲ್ಲಾಡಿಸಿದರೂ ಕೈಸನ್ನೆ ಮಾಡಿ ತಡೆದು ತಾನೇ ಮುಗಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು.

"ಮಗಾ ಮಾಸ್ತರ ಇದ್ದದ್ದಕ್ಕ ಚಲೋ ಆತ ನೋಡ್ರಿ" ಎಂದರು ಸಾಹೇಬರು.

"ಮಗಾನೂ ಒಮ್ಮೆ ಕುಂತಿದ್ದರಿ ಕಲಿಸಾಕ" ಎಂದಳು ಕಾಶವ್ವ, ಯಾವ ಸಿಟ್ಟೂ ಇಲ್ಲದೆ. "ಮೂರ ಸಲ ತಪ್ಪಿದೆ. ನಿನ್ನ ತಲಿಗೆ ಹತ್ತೂದಿಲ್ಲ ಬಿಡು ಅಂದ. ಈ ಗಿಳಿಗೆ ಮೂವತ್ತ ಸಲ ತಪ್ಪಿದ್ರೂ ಸಿಟ್ಟ ಬರಂಗಿಲ್ರಿ."

ಮಾಸ್ತರರಿಗೆ ಆ ದಿನ ನೆನಪಾಯಿತು. ಅವರಿಗೆ ಬಹಳ ನಾಚಿಕೆಯಾಯಿತು. ಹನ್ನೆರಡು ಹಂತಗಳಲ್ಲಿ ಸಿಟ್ಟಿಗೆ ಬರಬಾರದೆಂಬುದು ಒಂದರಲ್ಲೂ ಇರಲಿಲ್ಲ. ತಾವೇ ಸಾಹೇಬರ ಮುಂದೆ ಕುಳಿತು ಪಟ್ಟಿಯಿಂದ ತಾಯಿಯ ಹೆಸರು ತೆಗೆಸಿದರು. ಶಾಲೆ ಒಂದರಿಂದ ಒಂಬತ್ತಕ್ಕಿಳಿಯಿತು. ಶಾಲು ಮಾತ್ರ ಕಾಶವ್ವನ ಹೆಗಲೇರಿತು.

ಮಧ್ಯಾಹ್ನ ರಸಿಕಾಳ ಮನೆಯಲ್ಲಿ ಊಟ, ಹರಟೆ. ಸಂಜೆ ತಾಯಿ-ಮಗ ಬೆಳಗಾವಿಗೆ ಮರಳಲು ಖಾನಾಪುರದ ಸ್ಟ್ಯಾಂಡಿಗೆ ಬಂದರು. ಜನ ಕಿಕ್ಕಿರಿದಿತ್ತು. ಕಳೆದುಹೋದ ಮರ್ಯಾದೆಯನ್ನು ಅಷ್ಟಿಷ್ಟಾದರೂ ಗಳಿಸಿಕೊಳ್ಳಬೇಕೆಂದು ಮಾಸ್ತರರು ಟೊಂಕ ಕಟ್ಟಿದರು.

"ನೀ ಇಲ್ಲೇ ನಿಲ್ಲವ್ವಾ. ಹನ್ನೊಂದ ವರ್ಷದ ಅನುಭವ ನಂದು. ಸೀಟ ಹಿಡಿಯೂದು ಹೆಂಗ ಅಂತ ನೋಡು."

ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯೊಳಗೆ ಕರವಸ್ತ್ರ ಒಗೆದರು. ನಾಲ್ಕು ಜನರನ್ನು ದಬ್ಬಿಕೊಂಡು ಹತ್ತಿದರು. ಇಬ್ಬರ ಸೀಟಿನಲ್ಲಿ ಕಾಲು ಚಾಚಿ ಕುಳಿತು, ಗೆದ್ದ ಪೈಲವಾನನ ಮುಖ ಮಾಡಿ ಕಿಟಕಿಯಿಂದ ಕೈಬೀಸಿದರು. "ಬಾರವ್ವಾ, ಲಗೂನ ಬಾ!"

ಕಾಶವ್ವ ಹತ್ತಲಿಲ್ಲ. ಬಸ್ಸಿನ ಮುಂದೆ ಹೋಗಿ ನಿಂತು ಚಾಳೀಸು ಏರಿಸಿದಳು. ಬೆರಳೆತ್ತಿ ಬೋರ್ಡಿನ ಒಂದೊಂದೇ ಅಕ್ಷರ ಹಿಡಿದಳು.

"ಹ... ಲ... ಸಿ." ಬೆಳಗಾವಿಯಲ್ಲ, ಬೇರೆಯೇ ದಿಕ್ಕಿನ ಊರು.

ಕಂಡಕ್ಟರ್ ಸೀಟಿ ಊದಿದ. ಕಾಶವ್ವ ಕಿಟಕಿಯ ಕೆಳಗೆ ಬಂದು, ಬಸ್ಸಿನಲ್ಲಿದ್ದವರೆಲ್ಲ ಕೇಳುವಂತೆ, ಬೆಲ್ಲದಂಥ ದನಿ ತೆಗೆದು ಮಗನಿಗೆ ಹೇಳಿದಳು:

"ಪರವಾಗಿಲ್ಲ, ಇನ್ನೊಮ್ಮೆ ಪ್ರಯತ್ನಿಸೋಣ."