ನನ್ನ ಬೇಸ್‌ಗೆ ಬ್ಯಾಟರಿ ಬಿಡಿಸಿದ್ದು

ಸಂಗೀತಗಾರರಲ್ಲಿ ಎರಡು ಬಗೆ. ಜನಕ್ಕೆ ಕೇಳಿಸುವವರು ಒಂದು ಬಗೆ, ಬೇಸ್ ನುಡಿಸುವವರು ಇನ್ನೊಂದು. ನಾನು ಎರಡನೆಯವರ ಪೈಕಿ. ನನ್ನದು ಎಲೆಕ್ಟ್ರಿಕ್ ಅಪ್‌ರೈಟ್ ಬೇಸ್, ಅಂದರೆ ನನಗಿಂತ ಎತ್ತರವಾದ, ನಿಂತುಕೊಂಡೇ ನುಡಿಸಬೇಕಾದ, ಹೊಟ್ಟೆಯೇ ಇಲ್ಲದ ತಂತಿವಾದ್ಯ. ಹೊಟ್ಟೆಯಿಲ್ಲದ್ದಕ್ಕೆ ದನಿಯೂ ಇಲ್ಲ. ಒಳಗೆ ಪ್ರಿಆಂಪ್ ಎಂಬ ಸಣ್ಣ ಸರ್ಕ್ಯೂಟ್ ಇದೆ. ಅದು ತಂತಿಯ ಪಿಸುಮಾತನ್ನು ಎತ್ತಿ ಸ್ಪೀಕರಿಗೆ ದಾಟಿಸಬೇಕು. ಆ ಪ್ರಿಆಂಪಿಗೆ ಆಹಾರ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ. ಕೇಬಲ್ ಕೀಳಲು ಮರೆತರೆ, ನುಡಿಸದಿದ್ದರೂ ಕುಳಿತಲ್ಲೇ ತಿಂದು ಮುಗಿಸುತ್ತದೆ. ನಾನಂತೂ ಮರೆಯದ ದಿನವಿಲ್ಲ.

ಹೀಗಿರುವಾಗ ನಮ್ಮ ಭಾವಗೀತೆ ತಂಡ ಹ್ಯೂಸ್ಟನ್ನಿಗೆ ಹೋಯಿತು. ಮೊದಲ ಹಾಡಿನ ಪಲ್ಲವಿಯಲ್ಲೇ ನನ್ನ ಬ್ಯಾಟರಿ ಶಿವನ ಪಾದ ಸೇರಿತು. ಬದಲಿ ತಂದಿರಲಿಲ್ಲ. ಎದ್ದುಹೋಗಲು ನಾಚಿಕೆಯಾಗಿ, ಕಾರ್ಯಕ್ರಮ ಮುಗಿಯುವವರೆಗೂ ಕಣ್ಣು ಮುಚ್ಚಿ, ತಲೆದೂಗುತ್ತಾ ಮೂಕ ತಂತಿಗಳನ್ನು ಮೀಟುತ್ತಾ ನಿಂತೆ. ಕೊನೆಯಲ್ಲಿ ಯಾರಾದರೂ ಕೇಳಿಯಾರು, ಏನು ಹೇಳಲಿ ಎಂದು ನೆಪ ಹುಡುಕುತ್ತಿದ್ದೆ. ಸಂಘಟಕರು ಬಂದು ಕೈ ಕುಲುಕಿದರು. "ಸಾರ್, ಇವತ್ತು ಬ್ಯಾಲೆನ್ಸ್ ಸೂಪರ್. ಎಲ್ಲಾ ಕ್ಲಿಯರ್ ಆಗಿ ಕೇಳಿಸ್ತು!" ಅಂದರು.

ಆ ಮಾತು ಎದೆಗೆ ನಾಟಿತು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವುದನ್ನು ನಾನು ಮೊದಲೇ ಒಪ್ಪಿಕೊಂಡಿದ್ದೆ; ಆಟದಲ್ಲೇ ಇಲ್ಲದಿದ್ದರೂ ನಡೆಯುತ್ತದೆ ಎನ್ನುವುದು ಹೊಸ ಸುದ್ದಿ. ನಮ್ಮೂರು ಫ್ಲವರ್ ಮೌಂಡ್‌ಗೆ ಹಿಂದಿರುಗುವ ದಾರಿಯುದ್ದಕ್ಕೂ ಹೆಂಡತಿ ಸುಧಾ ನಿದ್ದೆ ಮಾಡಿದಳು, ನಾನು ಶಪಥ ಮಾಡಿದೆ. ಒಬ್ಬರಾದರೂ, ಒಮ್ಮೆಯಾದರೂ ನನ್ನ ದನಿ ಕೇಳಿ ತಿರುಗಿ ನೋಡಬೇಕು. ಅದಕ್ಕೆ ಮೊದಲು ಈ ಬ್ಯಾಟರಿಯ ಹಂಗು ತೊಲಗಬೇಕು.

ಮರುದಿನವೇ ಪವರ್ ಬ್ಯಾಂಕ್ ಹಿಡಿದುಕೊಂಡು ಮಗಳಿಗೆ ನನ್ನ ಯೋಜನೆ ವಿವರಿಸಿದೆ. ಅವಳು ಫೋನಿನಿಂದ ತಲೆ ಎತ್ತದೆ, "ಡ್ಯಾಡ್, ದಟ್ ಈಸ್ ಆಲ್ಸೋ ಎ ಬ್ಯಾಟರಿ" ಅಂದಳು. ಬುದ್ಧಿವಂತೆ. ಯಾರನ್ನು ಹೋಲುತ್ತಾಳೋ ಗೊತ್ತಿಲ್ಲ.

ಆಗ ನೆನಪಾಯಿತು, ಗರಾಜಿನ ರಟ್ಟಿನ ಡಬ್ಬಿ. ಟೆಕ್ಸಾಸಿನಲ್ಲಿ ಮನೆ ಮಾಡಿರುವ ನಮ್ಮವರೆಲ್ಲರ ಬಳಿಯೂ ಅಂಥದ್ದೊಂದು ಇದ್ದೇ ಇರುತ್ತದೆ. ಫೋನು, ರೂಟರು, ಬೊಂಬೆಗಳೆಲ್ಲ ಕಾಲವಾದ ಮೇಲೂ ಅವುಗಳ ಅಡಾಪ್ಟರುಗಳನ್ನು ಮಾತ್ರ ನಾವು ಎಸೆಯುವುದಿಲ್ಲ. ಸುಧಾ ಪ್ರತಿ ಯುಗಾದಿಗೂ, "ಈ ಹಾವಿನ ಬುಟ್ಟೀನ ಯಾವಾಗ ಎಸೀತೀರ?" ಎನ್ನುವಳು. ನಾನು ಪ್ರತಿ ಯುಗಾದಿಗೂ, "ಬೇಕಾಗತ್ತೆ ಕಣೇ" ಎನ್ನುವೆ. ಕೈ ಹಾಕಿ ಕೆದಕಿದೆ. ಯಾವುದೋ ಹಳೆಯ ಆನ್ಸರಿಂಗ್ ಮೆಷೀನಿನ ಅಡಾಪ್ಟರು ಸಿಕ್ಕಿತು. ಇಟ್ಟಿಗೆಯಷ್ಟು ಭಾರ. ಒರೆಸಿ ನೋಡಿದರೆ, ಒಂಬತ್ತು ವೋಲ್ಟು! ಗರಾಜಿನಲ್ಲೇ ಕೂಗಿದೆ. ಸತ್ತ ಬ್ಯಾಟರಿಯೊಂದರ ತಲೆ ಕಿತ್ತು, ಅದಕ್ಕೆ ಅಡಾಪ್ಟರಿನ ವೈರು ಬೆಸೆದೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಪ್ರಿಆಂಪಿಗೆ ಗೋವಿಂದ ಎಂದು ಗೊತ್ತಿದ್ದರಿಂದ ಮೀಟರಿನಲ್ಲಿ ಮತ್ತೆ ಮತ್ತೆ ಅಳೆದು, ಬೇಸಿನಲ್ಲಿ ಬ್ಯಾಟರಿ ಕೂರುವ ಜಾಗಕ್ಕೆ ಸಿಕ್ಕಿಸಿ, ಮನೆದೇವರನ್ನು ನೆನೆದು ಗೋಡೆಗೆ ಚುಚ್ಚಿದೆ. ತಂತಿ ಮೀಟಿದರೆ ಧುಂ ಎಂದಿತು! ಬ್ಯಾಟರಿಯಿಲ್ಲದೆ! ಕುಣಿದೇಬಿಟ್ಟೆ. ಹಿಂದೆ ಎಲ್ಲೋ ಸಣ್ಣಗೆ "ಮ್‌ಮ್" ಎನ್ನುತ್ತಿತ್ತು. ಫ್ರಿಜ್ ಇರಬೇಕು ಎಂದುಕೊಂಡೆ.

ಅದರ ಪರೀಕ್ಷೆ ಹತ್ತಿರದ ಪ್ರಾಸ್ಪರ್ ಊರಿನ ಒಂದು ಗೃಹಪ್ರವೇಶದಲ್ಲಿ ಬಂತು. ಹೋಮದ ಹೊಗೆಗೆ ಬೊಬ್ಬೆ ಹಾಕದಿರಲೆಂದು ಸ್ಮೋಕ್ ಅಲಾರಂಗಳಿಗೆ ಶವರ್ ಕ್ಯಾಪ್ ತೊಡಿಸಿದ್ದರು. ಊಟವಾದ ಮೇಲೆ ಶೈಲಜಾ ಆಂಟಿಯ ವಚನ ಗಾಯನ. ಆಂಟಿ ಹುಬ್ಬಳ್ಳಿಯವರು, ನಮ್ಮ ತಂಡದ ಪ್ರಾಣ. ಹಾರ್ಮೋನಿಯಂಗೆ ಮರ್ಫಿ ಊರಿನ ರಾಘು. ಮನೆಯವರ ಹೋಮ್ ಥಿಯೇಟರಿನ ಸ್ಪೀಕರಿಗೆ ನನ್ನ ಬೇಸ್ ಸಿಕ್ಕಿಸಿ ಅಡಾಪ್ಟರ್ ಚುಚ್ಚಿದೆ. ನಮ್ಮ ಮನೆಯ ಫ್ರಿಜ್ ಪ್ರಾಸ್ಪರಿಗೂ ಬಂದಿತ್ತು! ಇಲ್ಲಿ ಸಣ್ಣಗಲ್ಲ; ಎರಡು ಅಂತಸ್ತು ಎತ್ತರದ ಹಾಲ್ ತುಂಬುವಂತೆ "ಮ್‌ಮ್‌ಮ್" ಎಂದು ಮೊಳಗಿತು. ಹಳೆಯ ಅಡಾಪ್ಟರು ಗೋಡೆಯ ಕರೆಂಟನ್ನು ಪೂರ್ತಿ ಸೋಸದೆ ಒಳಗೆ ಬಿಡುತ್ತಿತ್ತು. ವೈರು ಕೀಳಲು ಬಗ್ಗಿದೆ.

ಅಷ್ಟರಲ್ಲಿ, ಫೋನಿನಲ್ಲಿ ತಂಬೂರಿ ಆ್ಯಪ್ ಹುಡುಕುತ್ತಿದ್ದ ಆಂಟಿ ಫೋನು ಕೆಳಗಿಟ್ಟರು. "ಯಾರೋ ಆಗಲೇ ತಂಬೂರಿ ಹಚ್ಯಾರಲ್ಲ! ಭಾಳ ಚಲೋ ಆತು. ಸುರು ಮಾಡೋಣ್ರಿ" ಎಂದು ಕಣ್ಣು ಮುಚ್ಚಿ ಷಡ್ಜ ಹಿಡಿದೇಬಿಟ್ಟರು.

ಇನ್ನು ವೈರು ಕೀಳುವುದುಂಟೇ? ಹಾಡುವವರ ಶ್ರುತಿ ಕಿತ್ತ ಪಾಪ ಯಾವ ಗಂಗೆಯಲ್ಲಿ ತೊಳೆದರೂ ಹೋಗದು. ಆದರೆ ಟೆಕ್ಸಾಸಿನ ಕರೆಂಟು ಹಾರ್ಮೋನಿಯಂ ನೋಡಿ ಶ್ರುತಿ ಮಾಡಿದ್ದಲ್ಲ. ಅದು ಐದನೆಯ ಕರಿ ಮನೆಗಿಂತ ತುಸು ಮೇಲೆ, ಪಕ್ಕದ ಬಿಳಿ ಮನೆಗಿಂತ ತುಸು ಕೆಳಗೆ ಹೋಗಿ ಕೂತಿತ್ತು. ರಾಘು ಕರಿ ಒತ್ತಿದ, ಮುಖ ಕಿವುಚಿದ. ಬಿಳಿ ಒತ್ತಿದ, ಇನ್ನಷ್ಟು ಕಿವುಚಿದ. "ಏನ್ ಗುರೂ ಇದು, ಮಧ್ಯದಲ್ಲಿದೆ!" ಎಂದು ಪಿಸುಗುಟ್ಟಿ ಕೈಕಟ್ಟಿ ಕುಳಿತ. ನನ್ನ ಬೇಸ್‌ನಲ್ಲಿ ಅಂಥ ಮನೆಗಳೇ ಇಲ್ಲ, ಬೆರಳು ಜಾರಿಸಿದಲ್ಲಿ ಸ್ವರ. ಜಾರಿಸಿದೆ. ಸಿಕ್ಕಿತು! ಅಯ್ಯೋ, ಆ ಖುಷಿಯನ್ನು ಏನೆಂದು ಹೇಳಲಿ! ಇಡೀ ಹಾಲ್‌ನಲ್ಲಿ ಆಂಟಿಯ ಜೊತೆ ಶ್ರುತಿ ಸೇರಿದವನು ನಾನೊಬ್ಬನೇ. ವಚನದ ಮೇಲೆ ವಚನ, ನಾನು ಮೀಟಿದ್ದೇ ಮೀಟಿದ್ದು. ರೇಷ್ಮೆ ಸೀರೆಯವರೆಲ್ಲ ತಲೆದೂಗುತ್ತಿದ್ದರು. ಇಷ್ಟು ವರ್ಷ ಇದೇ ದಿನಕ್ಕೆ ಕಾದಿದ್ದೆ ಅನ್ನಿಸಿ ಕಣ್ಣು ತುಂಬಿಬಂತು.

ಮುಗಿದ ಮೇಲೆ ಆಂಟಿ ಎಲ್ಲರನ್ನೂ ದಾಟಿಕೊಂಡು ನೇರ ನನ್ನ ಬಳಿಗೇ ಬಂದರು.

"ಇವತ್ತಿನಂಗ ಶ್ರುತಿ ನಾ ಎಂದೂ ಕೇಳಿಲ್ರಿ. ಆ ತಂಬೂರಿ ನಿಮ್ಮದಂತಲ್ಲ? ಯಾವ ಕಂಪನಿದು?"

ಗೋಡೆಯ ಬುಡದಲ್ಲಿ ಬಿಸಿಯಾಗಿ ಕುಳಿತಿದ್ದ ಅಡಾಪ್ಟರನ್ನು ತೋರಿಸಿದೆ. ಆಂಟಿ ಅದಕ್ಕೆ ಕೈಮುಗಿಯುವುದೊಂದು ಬಾಕಿ.

"ಮತ್ತೆ ಬೇಸ್ ಹೇಗಿತ್ತು ಆಂಟಿ?" ಎಂದೆ, ನಾಚಿಕೆ ಬಿಟ್ಟು.

"ನೀವೂ ಬಾರಿಸಿದ್ರೇನು? ಚಲೋ ಆತು ಬಿಡ್ರಿ. ಮುಂದಿನ ತಿಂಗಳ ಆಸ್ಟಿನ್‌ದಾಗ ಹಾಡೋದೈತಿ. ಇದನ್ನಷ್ಟ ಕೊಟ್ಟ ಕಳಸ್ರಿ, ಸುಮ್ಮನ ನೀವ್ಯಾಕ ಅಷ್ಟು ದೂರ ಡ್ರೈವ್ ಮಾಡ್ತೀರಿ?"

ಅಡಾಪ್ಟರು ಒಂಟಿಯಾಗಿ ಹಾಡುವುದಿಲ್ಲ, ಅದಕ್ಕೆ ನನ್ನ ಬೇಸ್ ಬೇಕೇ ಬೇಕು ಎಂದು ವಿವರಿಸಿದೆ. ಆಂಟಿ ಬೇಸನ್ನು ಮೇಲಿಂದ ಕೆಳಗೆ ನೋಡಿದರು.

"ಹಂಗಾರ ನೀವೂ ಬರ್ರಿ. ಆದ್ರ ನಡುನಡುವ ತಂತಿ ಮುಟ್ಟಬ್ಯಾಡ್ರಿ. ಶ್ರುತಿ ಕೇಳಸಂಗಿಲ್ಲ."

ಒಪ್ಪಿಕೊಂಡುಬಿಟ್ಟೆ. ಆಸ್ಟಿನ್ ಕರೆಯೋಲೆಯಲ್ಲಿ ನನ್ನ ಹೆಸರಿದೆ, ಮುಂದೆ 'ತಂಬೂರಿ' ಎಂದಿದೆ. ಈಗ ದಿನಾ ಸಂಜೆ ಬೇಸನ್ನು ತಬ್ಬಿಕೊಂಡು, ತಂತಿಗಳನ್ನು ಅಂಗೈಯಲ್ಲಿ ಅದುಮಿ, ಅಲುಗಾಡದೆ ನಿಲ್ಲುವ ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ಸುಧಾ ಅಡುಗೆಮನೆಯಿಂದ ತಲೆ ಹೊರಹಾಕಿ, ತುಂಬು ಮನಸ್ಸಿನಿಂದ, "ರೀ, ನಿಜ ಹೇಳ್ತೀನಿ, ಇತ್ತೀಚೆಗೆ ತುಂಬಾ ಇಂಪ್ರೂವ್ ಆಗಿದೀರ" ಅಂದಳು.