ದರ್ಜಿಯ ಉಪ್ಪಿಲ್ಲದ ಶಪಥ

ಗಂಡನ ಹೊಟ್ಟೆಗೆ ಹೆಂಡತಿಯ ತಮ್ಮ ಹೆಸರಿಟ್ಟರೆ ಯಾವ ಗಂಡ ತಾನೇ ಸುಮ್ಮನಿದ್ದಾನು? ಅದೂ ಆ ತಮ್ಮ ಬೇಕರಿಯವನು. ಹೊಟ್ಟೆ ಬೆಳೆದದ್ದೇ ಅವನ ಬನ್ನು ತಿಂದು. "ಭಾವ, ಮದುವೆ ಕೋಟಿನ ಗುಂಡಿ ಇನ್ನು ಈ ಜನ್ಮದಲ್ಲಿ ಸೇರಲ್ಲ ಬಿಡಿ" ಅಂದುಬಿಟ್ಟ. ಊರಿನ ಹೊಟ್ಟೆಗಳಿಗೆಲ್ಲ ಟೇಪು ಹಿಡಿಯುವ ದರ್ಜಿಗೆ ರೇಗಿಹೋಯಿತು. ಬರುವ ಮದುವೆಯ ವಾರ್ಷಿಕೋತ್ಸವಕ್ಕೆ ಅದೇ ಕೋಟು ತೊಟ್ಟು ಗುಂಡಿ ಹಾಕುತ್ತೇನೆ, ಸೇರದಿದ್ದರೆ ನನ್ನ ಮೀಸೆ, ಸೇರಿದರೆ ನಿನ್ನ ಮೀಸೆ ಎಂದು ಪಣ ಕಟ್ಟಿದ.

ಕೀಟೊ ಪಥ್ಯ ಶುರುವಾಯಿತು. ಅನ್ನ, ಬ್ರೆಡ್ಡು, ಸಕ್ಕರೆ ಗಡಿಪಾರಾಗಿ ಮೊಟ್ಟೆ, ಬೆಣ್ಣೆ, ಸೊಪ್ಪುಗಳ ಸಾಮ್ರಾಜ್ಯ ಸ್ಥಾಪನೆಯಾಯಿತು. ವಾರದಲ್ಲೇ ಸೊಂಟದ ಟೇಪು ಒಳಗೆ ಸರಿದದ್ದು ಕಂಡು ದರ್ಜಿಯ ಹುರುಪು ನೆತ್ತಿಗೇರಿತು. ಉಪ್ಪನ್ನೂ ಬಿಟ್ಟ. (ಬಿಡುವುದಕ್ಕೆ ಕೂತವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ.)

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. "ಈಗ ಇಳಿದಿರೋದು ಬಹುಪಾಲು ನೀರು ಕಣ್ರೀ. ಅದರ ಜೊತೆ ಮೈಯಲ್ಲಿರೋ ಉಪ್ಪೂ ಹೋಗುತ್ತೆ. ನಿಮಗೆ ಬಿಪಿ ಇಲ್ಲ, ಏನಿಲ್ಲ. ದಿನಾ ಕುಡಿಯೋ ಸೊಪ್ಪಿನ ಸೂಪಿಗೆ ಉಪ್ಪು ಹಾಕ್ಕೊಳ್ಳಿ" ಎಂದಳು. ವಾರ್ಡು ಪೂರ್ತಿ ತಲೆಬಾಗುವ ಮಾತಿಗೆ ಮನೆಯ ಯಜಮಾನ ಮಾತ್ರ ಕಿವಿಗೊಡಲಿಲ್ಲ.

ತಲೆ ಸಿಡಿಯಿತು, ಎದ್ದರೆ ಕಣ್ಣು ಕತ್ತಲೆ ಬಂತು. ಒಂದು ಮಧ್ಯಾಹ್ನ ಮದುಮಗನೊಬ್ಬನ ಪ್ಯಾಂಟು ಹೊಲಿಯುತ್ತಿದ್ದಾಗ ಮೀನಖಂಡ ಹಿಡಿದುಕೊಂಡು, ಪಾದ ವಿದ್ಯುತ್ ಮಿಷಿನ್ನಿನ ಪೆಡಲಿನ ಮೇಲೇ ಬಿಗಿದು ನಿಂತಿತು. ದರ್ಜಿ ಅಯ್ಯೋ ಎಂದ, ಮಿಷಿನ್ನು ಓಡಿತು. ಕಾಲು ಬಿಡಿಸುವಷ್ಟರಲ್ಲಿ ಅವನ ಅಂಗಿಯ ತೋಳು ಆ ಪ್ಯಾಂಟಿನ ಸೊಂಟಕ್ಕೆ ಅಚ್ಚುಕಟ್ಟಾಗಿ ಸೇರಿಹೋಗಿತ್ತು. ಹೆಂಡತಿ ಬಂದು ಕತ್ತರಿಯಿಂದ ಅವನನ್ನು ಬಿಡುಗಡೆ ಮಾಡಿದಳು. ಒಂದು ಮಾತೂ ಆಡಲಿಲ್ಲ. (ಅವಳು ಮಾತಾಡದಿದ್ದರೆ ಹೆದರಬೇಕೆಂದು ಇಷ್ಟು ವರ್ಷಗಳಾದರೂ ಅವನಿಗೆ ಹೊಳೆದಿಲ್ಲ.)

ಅಲ್ಲಿಂದ ಮುಂದೆ ಪವಾಡವೇ ನಡೆಯಿತು. ತಲೆನೋವು ಹೋಯಿತು, ಕಾಲು ಸಡಿಲವಾಯಿತು, ಸೂಪು ಅಮೃತದಂತಾಯಿತು. ನಾಲಿಗೆ ಶುದ್ಧವಾದರೆ ಬರೀ ಸೊಪ್ಪಿನಲ್ಲೇ ಇಂಥ ರುಚಿ ಸಿಗುತ್ತದೆಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಉಪದೇಶ ಮಾಡಿದ.

ಆ ದಿನ ಬಂತು. ಮನೆತುಂಬ ನೆಂಟರು. ದರ್ಜಿ ಕೋಟು ತೊಟ್ಟು, ಉಸಿರು ಬಿಗಿಹಿಡಿಯದೆ, ನಗುನಗುತ್ತಾ ಗುಂಡಿ ಹಾಕಿದ. ಚಪ್ಪಾಳೆಯೋ ಚಪ್ಪಾಳೆ. ಬೇಕರಿಯವನು ಬಚ್ಚಲಿಗೆ ಹೋಗಿ ಬೋಳು ತುಟಿ ಹೊತ್ತು ಬಂದ. ದರ್ಜಿ ಮೀಸೆ ತಿರುವುತ್ತಾ, ಉಪ್ಪಿನ ಹರಳೂ ಮುಟ್ಟದೆ ನರನಾಡಿಗಳನ್ನು ಗೆದ್ದ ತನ್ನ ಸಂಕಲ್ಪಶಕ್ತಿಯ ಮೇಲೆ ದೀರ್ಘ ಭಾಷಣ ಮಾಡಿದ. ಹೆಂಡತಿ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಸೂಪು ತಂದಿಟ್ಟಳು.

ಮೊದಲ ಚಮಚಕ್ಕೇ ಅವನು ಮುಖ ಕಿವುಚಿದ.

"ಇದೇನೇ ಇದು, ಪಾತ್ರೆ ತೊಳೆದ ನೀರಿದ್ದ ಹಾಗಿದೆ? ದಿನಾ ಮಾಡೋ ಹಾಗೆ ಮಾಡಬಾರದಿತ್ತಾ?"

"ದಿನಾ ಹಾಕ್ತಿದ್ದ ಉಪ್ಪು ಇವತ್ತು ಹಾಕಿಲ್ಲ" ಎಂದಳು ಅವಳು. "ನಿಮ್ಮ ಭಾಷಣ ಸುಳ್ಳಾಗಬಾರದಲ್ಲ."

ಮನೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಆ ಬೋಳು ತುಟಿ. ದರ್ಜಿ ಒಮ್ಮೆ ಕೋಟಿನ ಗುಂಡಿ ಮುಟ್ಟಿಕೊಂಡ. ಸೇರಿಯೇ ಇತ್ತು, ಗೆಲುವು ಗೆಲುವೇ. ಆಮೇಲೆ ಬಟ್ಟಲನ್ನು ಮೆಲ್ಲಗೆ ಹೆಂಡತಿಯತ್ತ ತಳ್ಳಿ, ಒಂದು ಚಿಟಿಕೆ ಉಪ್ಪು ಹಾಕುವಂತೆ ಪಿಸುಗುಟ್ಟಿದ.

"ಕೇಳಿಸ್ಲಿಲ್ಲ" ಎಂದಳು ಅವಳು. "ಭಾಷಣ ಮಾಡಿದ ಗಂಟಲಲ್ಲೇ ಕೇಳಿ."

ಕೇಳಿದ.