ಕ್ರೇನಿನ ತುದಿಗೊಂದು ಕೆಂಪು ದೀಪ

ಕ್ರೇನಿನ ಕೈ ಮೇಲೇಳುವುದಕ್ಕೂ ಎದುರುಮನೆ ತಾತ ಬಟ್ಟೆ ಒಣಹಾಕಲು ಟೆರೇಸಿಗೆ ಬರುವುದಕ್ಕೂ ಸರಿಹೋಯಿತು. ತಾತ ಒಮ್ಮೆ ಕ್ರೇನನ್ನು ನೋಡಿದರು, ಒಮ್ಮೆ ತಲೆಯ ಮೇಲೆ ಹಾದುಹೋದ ವಿಮಾನವನ್ನು ನೋಡಿದರು. ಆಮೇಲೆ ಏರ್‌ಪೋರ್ಟಿಗೆ ಫೋನ್ ಮಾಡಿದರು.

ಅನುಮತಿಯಿಲ್ಲದೆ ಕ್ರೇನ್ ಎತ್ತಕೂಡದೆಂದು ಅಲ್ಲಿಂದ ಆದೇಶ ಬಂದು ಕೆಲಸ ನಿಂತಿತು. ಸೂಪರ್‌ವೈಸರ್ ತಲೆ ಚಚ್ಚಿಕೊಂಡ. ಬಾಡಿಗೆ ಕ್ರೇನು ಸಂಜೆಗೆ ಹೊರಡುತ್ತದೆ. ಅಷ್ಟರೊಳಗೆ ನೀರಿನ ಟ್ಯಾಂಕು ಕಟ್ಟಡದ ನೆತ್ತಿಯ ಮೇಲೆ ಕೂರದಿದ್ದರೆ ಈ ಕೆಲಸ ಷಡ್ಡಕನ ಪಾಲು ಎಂದು ಕಂಟ್ರಾಕ್ಟರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಕಂಟ್ರಾಕ್ಟರ್ ಬೇರೆ ಯಾರೂ ಅಲ್ಲ, ಹೆಣ್ಣು ಕೊಟ್ಟ ಮಾವ. ಸಣ್ಣ ಅಳಿಯನ ಗುಣಗಾನ ಕೇಳಿ ಕೇಳಿ ಈ ದೊಡ್ಡ ಅಳಿಯನಿಗೆ ಸಾಕುಸಾಕಾಗಿತ್ತು.

ಏರ್‌ಪೋರ್ಟ್ ಆಫೀಸಿನಲ್ಲಿ ಆ ಮೇಜು ಈ ಮೇಜು ಅಲೆದು, ಕೊನೆಗೆ ಅನುಮತಿ ಕೊಡುವ ಅಧಿಕಾರಿಯ ಮುಂದೆ ಬಂದು ನಿಂತ.

“ಕ್ರೇನ್ ತುದಿ ಎಷ್ಟು ಎತ್ತರ ಹೋಗುತ್ತೆ?”

“ನಿಮ್ಮ ಮಿತಿಗೆ ಸರಿಯಾಗಿ ಸಾರ್. ಕೂದಲೆಳೆಯಷ್ಟೂ ಜಾಸ್ತಿ ಇಲ್ಲ.”

“ಸ್ವಲ್ಪ ಬಗ್ಗಿಸ್ಕೊಳ್ಳಿ.”

“ಬಗ್ಗಿಸಿದ್ರೆ ಟ್ಯಾಂಕು ಗೋಡೆ ದಾಟಲ್ಲ ಸಾರ್!”

ಅಧಿಕಾರಿ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. “ತುತ್ತತುದೀಲಿ ಕೆಂಪು ಲೈಟ್ ಇರ್ಬೇಕು. ನಾನು ಬಂದು ನೋಡೋವರೆಗೂ ಟ್ಯಾಂಕ್ ಮುಟ್ಟಂಗಿಲ್ಲ.”

ಸೂಪರ್‌ವೈಸರ್ ಓಡೋಡಿ ಬಂದ. ಅಷ್ಟರಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ತಾತ ತಮ್ಮ ಮನೆಯ ಕೆಂಪು ದೀಪವನ್ನೇ ತಂದುಕೊಟ್ಟರು. “ಪಕ್ಕಕ್ಕೆ ಕಟ್ಬೇಡಪ್ಪಾ, ಮೇಲೆ ನೆಟ್ಟಗೆ ನಿಲ್ಸು. ಪೈಲೆಟ್‌ಗೆ ಕಾಣ್ಬೇಕು.” ಬೆಂಕಿ ಹಚ್ಚಿದವರೇ ನೀರು ತಂದರಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು.

ಸೂರ್ಯ ಇಳಿಯುವ ಹೊತ್ತಿಗೆ ಅಧಿಕಾರಿ ಬಂದು ಅಳೆದರು.

“ಕ್ರೇನ್ ಸರಿಯಾಗಿದೆ.”

“ಹಾಗಾದ್ರೆ ಟ್ಯಾಂಕ್ ಎತ್ಲಾ ಸಾರ್?”

“ಲೈಟ್ ಒಂದು ಗೇಣು ಜಾಸ್ತಿ ಆಯ್ತಲ್ರೀ.”

“ತೆಗೆದುಬಿಡ್ತೀನಿ!”

“ಲೈಟ್ ಇಲ್ದೆ ಎತ್ತಂಗಿಲ್ಲ.”

“ಸ್ವಲ್ಪ ಕೆಳಗೆ ಕಟ್ತೀನಿ ಸಾರ್, ಕಾಲಿಗೆ ಬೀಳ್ತೀನಿ.”

“ತುತ್ತತುದಿ ಅಂತ ಬರೆದಾಗಿದೆ. ನಾಳೆ ಬನ್ನಿ, ಲೈಟಿಗೆ ಬೇರೆ ಅನುಮತಿ ತಗೊಳ್ಳಿ.”

ಆಗಲೇ ಮಾವನವರ ಕಾರು ಬಂದು ನಿಂತಿತು. ಟ್ಯಾಂಕು ಬೆಳಗ್ಗೆ ಇದ್ದಲ್ಲೇ ಕೂತಿತ್ತು. “ಅಳಿಯಂದಿರೇ, ಇಡೀ ದಿನ ಕ್ರೇನಲ್ಲಿ ಏನು ಎತ್ತಿದ್ರಿ?”

ಅಳಿಯಂದಿರು ಮೇಲೆ ನೋಡಿದರು. ದೀಪ ಮಿಣಮಿಣ ಎನ್ನುತ್ತಿತ್ತು. ಮಾವ ಸಣ್ಣ ಅಳಿಯನಿಗೆ ಫೋನ್ ಹಚ್ಚಿದರು.

ಟೆರೇಸಿನಿಂದ ತಾತ ಕೂಗಿದರು: “ಲೈಟು ಜೋಪಾನವಾಗಿ ಇಳಿಸಪ್ಪಾ! ನಾಳೆ ನಿನ್ನ ಷಡ್ಡಕನಿಗೂ ಬೇಕಾಗುತ್ತೆ.”